ಕೆಳಗೆ ಅಗೆದರೆ ಮೇಲೆ ಕುಸಿಯುತ್ತದೆ

ನೀರಿನ ವಿಷಯದಲ್ಲಿ ಎತ್ತರದ ಊರಿಗೆ ಭಯವಿಲ್ಲ ಎಂಬುದು ನಮ್ಮಲ್ಲಿ ಬಹಳ ಹಳೆಯ ನಂಬಿಕೆ. ಮೇಲಿನವರು ಮಾಡಿದ್ದನ್ನು ಕೆಳಗಿನವರು ಉಣ್ಣಬೇಕು, ಕೆಳಗಿನವರು ಏನು ಮಾಡಿದರೂ ಮೇಲಿನವರಿಗೆ ತಟ್ಟುವುದಿಲ್ಲ. ನೀರು, ಹೂಳು, ಕೊಳಚೆ, ನೊರೆ ಎಲ್ಲವೂ ಇಳಿಜಾರು ಹಿಡಿದು ಹೋಗುತ್ತವಲ್ಲ, ಹಾನಿಯೂ ಅದೇ ದಾರಿಯಲ್ಲಿ ಹೋಗುತ್ತದೆ ಎಂದು ಎಲ್ಲರೂ ಒಪ್ಪಿಕೊಂಡಿದ್ದಾರೆ. ಬೆಂಗಳೂರಿನ ಕೆರೆ, ರಾಜಕಾಲುವೆಗಳ ಬಗ್ಗೆ ಮಳೆಗಾಲ ಬಂದಾಗಲೆಲ್ಲ ನಡೆಯುವ ಚರ್ಚೆ ಈ ಒಪ್ಪಿಗೆಯ ಮೇಲೆಯೇ ನಿಂತಿದೆ. ಯಲಹಂಕದ ನೀರು ಹೊರಮಾವಿಗೆ, ಕೆ.ಆರ್. ಪುರದ ಕಡೆಗೆ ಏನು ಮಾಡೀತು ಎಂದು ಕೇಳುವವರಿದ್ದಾರೆ. ಕೆಳಗೆ ಎಲ್ಲೋ ಕಾಲುವೆಯನ್ನು ಆಳಕ್ಕೆ ಅಗೆದರೆ ಯಲಹಂಕಕ್ಕೆ ಏನಾದೀತು ಎಂದು ಕೇಳಿದವರನ್ನು ನಾನು ಕಂಡಿಲ್ಲ.

ಆ ಪ್ರಶ್ನೆಯನ್ನು ಕೇಳಲೇಬೇಕು. ನೀರು ಇಳಿಯುತ್ತದೆ ಎಂಬುದು ನಿಜ, ಆದರೆ ನೀರು ನೆಲವನ್ನು ಕೊರೆಯುವ ಜಾಗ ಏರುತ್ತಾ ಹೋಗುತ್ತದೆ. ತೊರೆಯ ಪಾತ್ರವನ್ನು ಒಂದು ಕಡೆ ತಗ್ಗಿಸಿದರೆ ಆ ತಗ್ಗು ಅಲ್ಲೇ ನಿಲ್ಲುವುದಿಲ್ಲ. ಮಳೆಯಿಂದ ಮಳೆಗೆ ಅದು ಮೇಲಕ್ಕೆ ಹತ್ತುತ್ತದೆ, ದಂಡೆಗಳನ್ನು ಬೀಳಿಸುತ್ತದೆ, ಪಕ್ಕದ ಸಣ್ಣ ಕಾಲುವೆಗಳ ಬಾಯಿಗೂ ನುಗ್ಗುತ್ತದೆ. ನಮ್ಮ ಹಿರಿಯರು ಕಟ್ಟಿದ ಕೆರೆಗಳ ಸಾಲು ಇದನ್ನು ಶತಮಾನಗಳ ಕಾಲ ತಡೆದು ನಿಲ್ಲಿಸಿತ್ತು. ಕೆರೆ ಎಂದರೆ ನೀರು ತುಂಬಿಡುವ ಪಾತ್ರೆ ಎಂದಷ್ಟೇ ತಿಳಿದವರಿಗೆ ಈ ಕೆಲಸ ಕಾಣುವುದೇ ಇಲ್ಲ. ನನ್ನ ತಕರಾರು ಇರುವುದು ಇಲ್ಲಿಯೇ.

ಮೊದಲು ನೆಲವನ್ನು ನೋಡೋಣ. ಯಲಹಂಕ ಇರುವುದು ಒಂದು ದಿಣ್ಣೆಯ ಮಗ್ಗುಲಲ್ಲಿ. ಈ ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆ ಅರ್ಕಾವತಿಗೆ ಸೇರುತ್ತದೆ. 1894ರಲ್ಲಿ ಕಟ್ಟಿದ ಹೆಸರಘಟ್ಟ, 1933ರ ತಿಪ್ಪಗೊಂಡನಹಳ್ಳಿ ಜಲಾಶಯಗಳನ್ನು ದಾಟಿ, ಕನಕಪುರದಾಚೆ ಸಂಗಮದಲ್ಲಿ ಕಾವೇರಿಗೆ ಕೂಡುತ್ತದೆ. ಪೂರ್ವಕ್ಕೆ ಬಿದ್ದದ್ದು ಯಲಹಂಕ ಕೆರೆಗೆ ಬರುತ್ತದೆ. ಆ ಕೆರೆ ಕೋಡಿ ಬಿದ್ದರೆ ಜಕ್ಕೂರು ಕೆರೆಗೆ, ಅಲ್ಲಿಂದ ರಾಚೇನಹಳ್ಳಿ ಕೆರೆಗೆ, ಹೆಬ್ಬಾಳ–ನಾಗವಾರ ಕಣಿವೆಯ ನೀರನ್ನು ಕೂಡಿಕೊಂಡು ಎಲೆ ಮಲ್ಲಪ್ಪ ಶೆಟ್ಟಿ ಕೆರೆಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ತಮಿಳುನಾಡಿನಲ್ಲಿ ಅದರ ಹೆಸರು ತೆನ್‌ಪೆಣ್ಣೈ. ಕಡಲೂರಿನ ಬಳಿ ಬಂಗಾಳ ಕೊಲ್ಲಿಗೆ ಸೇರುತ್ತದೆ. ಹೀಗೆ ಒಂದೇ ಹೋಬಳಿಯ ಎರಡು ಹೊಲಗಳ ಮಳೆನೀರು ಎರಡು ಬೇರೆ ನದಿಗಳ ಪಾಲಾಗುತ್ತದೆ. ಯಲಹಂಕದವರು ನದಿಯ ದಡದಲ್ಲಿಲ್ಲ, ನಿಜ. ಅವರಿರುವುದು ನದಿಯ ನೆತ್ತಿಯಲ್ಲಿ. ಏರುವ ಕೊರೆತ ಕೊನೆಗೆ ಬಂದು ಮುಟ್ಟುವುದು ನೆತ್ತಿಗೇ.

ಅರ್ಕಾವತಿಯೂ ದಕ್ಷಿಣ ಪಿನಾಕಿನಿಯೂ ನಂದಿಬೆಟ್ಟದ ಸುತ್ತ ಹುಟ್ಟುತ್ತವೆ ಎಂದು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ನದಿ ಅಲ್ಲಿ ಹುಟ್ಟಿ, ಅಲ್ಲಿಂದ ಕೆಳಕ್ಕೆ ಬೆಳೆದು ಸಮುದ್ರ ಸೇರಿತು ಎಂಬ ಚಿತ್ರವೇ ನಮ್ಮ ಮನಸ್ಸಿನಲ್ಲಿ ಉಳಿದಿದೆ. ಭೂಮಿಯ ಇತಿಹಾಸ ಹೇಳುವುದು ಬೇರೆ. ಬಹುಮಟ್ಟಿಗೆ ನದಿಗಳ ಕಣಿವೆ ಮೇಲಕ್ಕೆ ಬೆಳೆದಿದೆ. ತೊರೆಯ ತಲೆಯ ಬಳಿ ನೆಲದಿಂದ ಒಸರುವ ನೀರು, ಇಳಿಜಾರಿನಲ್ಲಿ ಒಟ್ಟುಗೂಡಿ ಹರಿಯುವ ಮಳೆನೀರು ಅಲ್ಲಿನ ಮಣ್ಣನ್ನು ಕಿತ್ತು ಒಯ್ಯುತ್ತವೆ. ಬುಡ ಸಡಿಲವಾದ ದಡ ಕುಸಿಯುತ್ತದೆ. ತೊರೆಯ ತಲೆ ಒಂದು ಗಜ ಮೇಲಕ್ಕೆ ಸರಿಯುತ್ತದೆ. ಮುಂದಿನ ಮಳೆಗೆ ಇನ್ನೊಂದು ಗಜ. ಉಗಮಸ್ಥಾನವನ್ನು ಪೂಜಿಸುವ ನಮ್ಮ ಸಂಪ್ರದಾಯದ ಮೇಲೆ ನನಗೆ ಗೌರವವಿದೆ. ತಲಕಾವೇರಿಯ ಮುಂದೆ ಕೈಮುಗಿಯುವುದಕ್ಕೂ ಈ ತಿಳಿವಳಿಕೆಗೂ ಜಗಳವಿಲ್ಲ. ಆದರೆ ಉಗಮವೆಂಬುದು ಭೂಮಿಯಲ್ಲಿ ನೆಟ್ಟ ಕಲ್ಲಲ್ಲ, ಅದು ಚಲಿಸುತ್ತದೆ ಎಂಬುದನ್ನು ಒಪ್ಪದಿದ್ದರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ.

ಈ ಕ್ರಿಯೆಗೆ ಇಂಗ್ಲಿಷಿನಲ್ಲಿ ಹೆಡ್‌ವರ್ಡ್ ಇರೋಷನ್ ಎಂದೂ ರಿಗ್ರೆಸಿವ್ ಇರೋಷನ್ ಎಂದೂ ಹೇಳುತ್ತಾರೆ. ಕನ್ನಡದಲ್ಲಿ ಹಿಮ್ಮುಖ ಸವೆತ ಎನ್ನುವವರಿದ್ದಾರೆ. ಹಿಮ್ಮುಖ, ಸವೆತ ಎಂಬ ಈ ಎರಡು ಪದಗಳೂ ಇಲ್ಲಿ ಸಲ್ಲವು ಎಂದು ನನ್ನ ಖಚಿತ ಅಭಿಪ್ರಾಯ. ಹಿಮ್ಮುಖ ಎಂದೊಡನೆ ನೀರೇ ಹಿಂದಕ್ಕೆ ತಿರುಗಿತೆಂಬ ಭಾವನೆ ಬರುತ್ತದೆ. ಹಾಗೆ ಹಿಂದಕ್ಕೆ ನಿಲ್ಲುವ ನೀರಿಗೆ ನಮ್ಮಲ್ಲಿ ಹಿನ್ನೀರು ಎಂಬ ಒಳ್ಳೆಯ ಮಾತಿದೆ, ಅದು ಬೇರೆಯೇ ಸಂಗತಿ. ಇನ್ನು ಸವೆತ. ಚಪ್ಪಲಿ ಸವೆಯುತ್ತದೆ, ಬೀಸುವ ಕಲ್ಲು ಸವೆಯುತ್ತದೆ. ಉಜ್ಜಿ ಉಜ್ಜಿ ನಿಧಾನವಾಗಿ ತೆಳುವಾಗುವುದಕ್ಕೆ ಆ ಮಾತು. ಇಲ್ಲಿ ನಡೆಯುವುದು ಬುಡ ಕೊರೆದು ದಡ ಒಮ್ಮೆಗೇ ಬೀಳುವ ಕೆಲಸ. ಕರಾವಳಿಯವರು ಉಳ್ಳಾಲದಲ್ಲಿ ಮನೆ, ತೆಂಗಿನಮರ ಕಡಲಿಗೆ ಬೀಳುವುದನ್ನು ಕಡಲ್ಕೊರೆತ ಎನ್ನುತ್ತಾರೆ, ಕಡಲ ಸವೆತ ಎನ್ನುವುದಿಲ್ಲ. ನಮ್ಮ ರೈತರೂ ಹೊಲದಲ್ಲಿ ಮಳೆನೀರು ಬಗೆದ ಕಂದಕಕ್ಕೆ ಕೊರಕಲು ಎಂದೇ ಹೇಳುವುದು. ಕೊರೆ ಎಂಬ ಧಾತು ಹೊಲದಲ್ಲೂ ಕಡಲಲ್ಲೂ ಜೀವಂತವಾಗಿರುವಾಗ ಹೊಳೆಗೆ ಮಾತ್ರ ಸವೆತ ಏಕೆ?

ಪದಕ್ಕಾಗಿ ನಾನು ಇಷ್ಟು ಜಗ್ಗಾಡುವುದಕ್ಕೆ ಕಾರಣವಿದೆ. ಈ ಒಂದು ಹೆಸರಿನ ಕೆಳಗೆ ಮೂರು ಬೇರೆ ಬೇರೆ ಕ್ರಿಯೆಗಳು ಅಡಗಿವೆ, ಮೂರಕ್ಕೂ ಮದ್ದು ಬೇರೆ. ಒಂದು, ಈಗ ಹೇಳಿದಂತೆ ತೊರೆಯ ತಲೆಯೇ ಮೇಲಕ್ಕೆ ಬೆಳೆಯುವುದು. ಇದರಿಂದ ತೊರೆ ಉದ್ದವಾಗುತ್ತದೆ. ತಲೆಕೊರೆತ ಎನ್ನಬಹುದು. ಇದಕ್ಕೆ ಬದು, ಹುಲ್ಲು, ಮರಗಿಡ, ನೀರಿಂಗುವ ಗುಂಡಿಗಳೇ ಮದ್ದು. ಎರಡು, ಈಗಾಗಲೇ ಇರುವ ಹಳ್ಳದ ಪಾತ್ರದಲ್ಲಿ ಒಂದು ಮೆಟ್ಟಿಲು ಬಿದ್ದು, ಆ ಮೆಟ್ಟಿಲು ಮೇಲಕ್ಕೆ ಸರಿಯುತ್ತಾ ಹೋಗುವುದು. ಇದರಿಂದ ಹಳ್ಳ ಉದ್ದವಾಗುವುದಿಲ್ಲ, ಆಳವಾಗುತ್ತದೆ. ಇದನ್ನು ಏರುಕೊರೆತ ಎಂದು ಕರೆಯೋಣ. ಪಾತ್ರದಲ್ಲಿ ಅಲುಗಾಡದ ಕಲ್ಲಿನ ಅಡ್ಡಕಟ್ಟು ಇದ್ದರಷ್ಟೇ ಇದು ನಿಲ್ಲುತ್ತದೆ. ಮೂರನೆಯದು ಮಣ್ಣಿನ ಏರಿಯ ಒಳಗಿನದು. ಏರಿಯ ಹಿಂಬದಿಯಲ್ಲಿ ಜಿನುಗುವ ನೀರು ಮಣ್ಣಿನ ಕಣಗಳನ್ನು ಹೊತ್ತು ತಂದು, ಅಲ್ಲಿ ಹುಟ್ಟಿದ ಸಣ್ಣ ತೂತು ಕೆರೆಯ ನೀರಿನ ಕಡೆಗೆ ಸುರಂಗವಾಗಿ ಬೆಳೆಯುವುದು. ಇಂಜಿನಿಯರರು ಇದನ್ನು ಪೈಪಿಂಗ್ ಎನ್ನುತ್ತಾರೆ. ಇದನ್ನು ತಡೆಯಲು ಏರಿಯ ಬುಡದಲ್ಲಿ ಮಣ್ಣು ಹಿಡಿದು ನೀರಷ್ಟನ್ನೇ ಬಿಡುವ ಮರಳು–ಜಲ್ಲಿಯ ಪದರ ಹಾಕಬೇಕು. ಮೂರನ್ನೂ ಹಿಮ್ಮುಖ ಸವೆತ ಎಂದು ಒಂದೇ ಚೀಲಕ್ಕೆ ತುಂಬಿದರೆ ಏರುಕೊರೆತ ಇರುವಲ್ಲಿ ಗಿಡ ನೆಡುತ್ತೇವೆ, ಪೈಪಿಂಗ್ ಇರುವಲ್ಲಿ ಏರಿಯ ಮೇಲೆ ಮಣ್ಣು ಸುರಿಯುತ್ತೇವೆ.

ಇವುಗಳಲ್ಲಿ ಏರುಕೊರೆತದ ಮಹಾರೂಪವನ್ನು ಕರ್ನಾಟಕದವರು ದುಡ್ಡು ಕೊಟ್ಟು ಬಸ್ಸು ಹತ್ತಿ ನೋಡಿಬರುತ್ತಾರೆ. ಜೋಗದಲ್ಲಿ ಶರಾವತಿ 253 ಮೀಟರ್ ಧುಮುಕುತ್ತದೆ. ಪಶ್ಚಿಮಘಟ್ಟದ ಪಡುಮಗ್ಗುಲು ಕಡಿದಾದದ್ದು, ಸಮುದ್ರ ಹತ್ತಿರ. ಮೂಡುಮಗ್ಗುಲು ನೂರಾರು ಕಿಲೋಮೀಟರ್ ಸಾವಕಾಶವಾಗಿ ಇಳಿಯುತ್ತದೆ. ಒಂದೇ ಮಳೆ ಎರಡೂ ಕಡೆ ಬಿದ್ದರೂ ಕಡಿದಾದ ಕಡೆಯ ನೀರು ಹೆಚ್ಚು ಕೊರೆಯುತ್ತದೆ, ನೀರು ಹಂಚುವ ದಿಣ್ಣೆ ಸಾವಕಾಶದ ಕಡೆಗೆ ಸರಿಯುತ್ತದೆ. ಇದನ್ನು ಅಮೆರಿಕದ ಭೂವಿಜ್ಞಾನಿ ಜಿ.ಕೆ. ಗಿಲ್ಬರ್ಟ್ 1877ರಲ್ಲೇ ನಿಯಮವಾಗಿ ಬರೆದಿಟ್ಟ. ಅರಬ್ಬಿ ಸಮುದ್ರದ ಕಡೆಯ ಹೊಳೆಗಳು ಘಟ್ಟವನ್ನು ಕೊರೆಯುತ್ತಾ ಪೂರ್ವಕ್ಕೆ ಹತ್ತಿವೆ. ನಮ್ಮವರೇ ಆದ ಬಿ.ಪಿ. ರಾಧಾಕೃಷ್ಣ ಅವರು ಪರ್ಯಾಯದ್ವೀಪದ ನೆಲದ ಏರಿಕೆಯನ್ನೂ ಅದರಿಂದ ನದಿಗಳ ಕೊರೆತಕ್ಕೆ ಮತ್ತೆ ಬಂದ ಕಸುವನ್ನೂ ಕುರಿತು 1993ರಲ್ಲಿ ವಿಸ್ತಾರವಾಗಿ ಬರೆದರು. ಕಾವೇರಿಗೂ ಶಿವನಸಮುದ್ರದಲ್ಲಿ ಇಂಥದೇ ಮೆಟ್ಟಿಲಿದೆ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಅಲ್ಲಿಂದ ವಿದ್ಯುತ್ ಹೋಯಿತೆಂದು ಹೆಮ್ಮೆಪಡುತ್ತೇವೆ. ಆ ವಿದ್ಯುತ್ತು ಹುಟ್ಟಿದ್ದು ನದಿ ಇನ್ನೂ ಕೊರೆದು ಮುಗಿಸದ ಮೆಟ್ಟಿಲಿನಿಂದ. ಜಲಪಾತವೆಂದರೆ ಮೇಲಕ್ಕೆ ಹತ್ತುತ್ತಿರುವ ಕೊರೆತದ ಇಂದಿನ ನೆಲೆ. ನಯಾಗರ ಜಲಪಾತ ಸುಮಾರು 12,000 ವರ್ಷಗಳಲ್ಲಿ 11 ಕಿಲೋಮೀಟರಿನಷ್ಟು ಹಿಂದೆ ಸರಿದಿದೆ.

ಇಲ್ಲಿ ಒಂದು ಆಕ್ಷೇಪ ಬಂದೇ ಬರುತ್ತದೆ, ನಾನು ಅದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಜೋಗಕ್ಕೆ ಲಕ್ಷಾಂತರ ವರ್ಷ ಬೇಕಾಯಿತು, ನಯಾಗರಕ್ಕೆ ಸಾವಿರಾರು ವರ್ಷ; ಲಾಲ್‌ಬಾಗಿನ ಬಂಡೆಗೆ 300 ಕೋಟಿ ವರ್ಷವಾದರೂ ಅದು ಅಲ್ಲೇ ಇದೆ. ಇಂಥ ಗಟ್ಟಿ ಕಲ್ಲಿನ ಬೆಂಗಳೂರಿನಲ್ಲಿ ಕೊರೆತ ಹತ್ತಿ ಬರುವುದು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಆಗದ ಮಾತು ಎನ್ನುತ್ತಾರೆ. ಬಂಡೆಯ ಬಗ್ಗೆ ಈ ಮಾತು ಸರಿ. ಆದರೆ ನಮ್ಮ ಕಾಲುವೆಗಳು ಹೆಚ್ಚಿನ ಕಡೆ ಬಂಡೆಯ ಮೇಲೆ ಹರಿಯುತ್ತಿಲ್ಲ. ಬಂಡೆಯ ಮೇಲೆ ಕೆಮ್ಮಣ್ಣು, ಅದರಡಿ ಕೊಳೆತು ಪುಡಿಯಾದ ಕಲ್ಲಿನ ದಪ್ಪ ಪದರವಿದೆ. ಬೋರ್‌ವೆಲ್ ಕೊರೆಸಿದವರಿಗೆಲ್ಲ ಇದು ಗೊತ್ತು, ಗಟ್ಟಿ ಕಲ್ಲು ಸಿಗುವವರೆಗೆ ಕೇಸಿಂಗ್ ಪೈಪು ಇಳಿಸಲೇಬೇಕು. ಆ ಪದರದಲ್ಲಿ, ಕೆರೆ ಕಾಲುವೆಗಳಲ್ಲಿ ತುಂಬಿದ ಹೂಳಿನಲ್ಲಿ, ಕೊರೆತಕ್ಕೆ ವರ್ಷಗಳೇ ಬೇಕಿಲ್ಲ. ಒಂದು ದೊಡ್ಡ ಮಳೆ ಸಾಕು.

ಮೆದು ನೆಲದಲ್ಲಿ ಇದು ಎಷ್ಟು ಬೇಗ ಹತ್ತುತ್ತದೆ ಎಂಬುದನ್ನು ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶ ಈಚೆಗೆ ಕಣ್ಣಾರೆ ಕಂಡಿತು. ಅಲ್ಲಿನ ಕೋಕಾ ನದಿಯಲ್ಲಿ ಸುಮಾರು 150 ಮೀಟರ್ ಎತ್ತರದ ಸಾನ್ ರಫೇಲ್ ಎಂಬ ಜಲಪಾತವಿತ್ತು. 2020ರ ಫೆಬ್ರವರಿ 2ರಂದು ಆ ಜಲಪಾತದ ಅಂಚು ಕುಸಿದು ನದಿ ಬೇರೆ ದಾರಿ ಹಿಡಿಯಿತು. ಅಂಚು ಹೋದ ಮೇಲೆ ನದಿಯ ಮೇಲಿನ ಪಾತ್ರವನ್ನು ಹಿಡಿದು ನಿಲ್ಲಿಸುವ ಗಟ್ಟಿ ಮೆಟ್ಟಿಲೇ ಇಲ್ಲವಾಯಿತು. ಕೊರೆತ ಮೇಲಕ್ಕೆ ಹೊರಟಿತು. ಎರಡೇ ತಿಂಗಳಲ್ಲಿ, ಏಪ್ರಿಲ್ ಆರಂಭಕ್ಕೆ, ದಡಗಳು ಕುಸಿದು ಕಚ್ಚಾ ತೈಲದ ಕೊಳವೆಗಳು ತುಂಡಾಗಿ ತೈಲ ನದಿಗೆ ಹರಿಯಿತು. ಹೆದ್ದಾರಿ ಹೋಯಿತು, ಮನೆಗಳು ಹೋದವು. ಸುಮಾರು 20 ಕಿಲೋಮೀಟರ್ ಮೇಲಿರುವ, ದೇಶದ ಅತಿ ದೊಡ್ಡ ಜಲವಿದ್ಯುತ್ ಯೋಜನೆಯ ನೀರು ಸೆಳೆಯುವ ಕಟ್ಟೆಯತ್ತ ಕೊರೆತ ಹತ್ತುತ್ತಿದೆಯೆಂದು ಅಲ್ಲಿನ ಸರ್ಕಾರ ನಿದ್ದೆಗೆಟ್ಟು ಕೂತಿದೆ. ಅದುವರೆಗೆ ಭೂವಿಜ್ಞಾನಿಗಳ ಬಾಯಲ್ಲಷ್ಟೇ ಇದ್ದ ರಿಗ್ರೆಸಿವ್ ಇರೋಷನ್ ಎಂಬ ಮಾತು ಅಲ್ಲಿ ದಿನಪತ್ರಿಕೆಗಳ ತಲೆಬರಹವಾಯಿತು. ಪದವನ್ನು ಅಂಥ ಬೆಲೆ ತೆತ್ತು ಕಲಿಯುವ ಸ್ಥಿತಿ ನಮಗೆ ಬಾರದಿರಲಿ.

ನಮ್ಮ ನಾಡಿನಲ್ಲಿ ಈ ಕೆಲಸವನ್ನು ಮರಳಿನ ಆಸೆ ಮಾಡುತ್ತಿದೆ. ಹೊಳೆಯ ಪಾತ್ರದಲ್ಲಿ ಮರಳು ಬಗೆದ ಗುಂಡಿಯ ಮೇಲ್ಬದಿಯ ಅಂಚು ಒಂದು ಸಣ್ಣ ಜಲಪಾತವೇ. ಹೊಳೆ ಬಂದಾಗ ಆ ಅಂಚು ಮೇಲಕ್ಕೆ ಸರಿಯುತ್ತಾ ಹೋಗಿ ಸೇತುವೆಯ ಕಂಬದ ಬುಡ ಬಯಲಾಗುತ್ತದೆ. 2018ರ ಜೂನ್‌ನಲ್ಲಿ ದಕ್ಷಿಣ ಕನ್ನಡದ ಫಲ್ಗುಣಿ ನದಿಯ ಮೇಲಿನ ಮುಲಾರಪಟ್ಣ ಸೇತುವೆ ಕುಸಿದಾಗ ಊರವರು ಬೆರಳು ತೋರಿಸಿದ್ದು ಮರಳುಗಾರಿಕೆಯ ಕಡೆಗೆ. ಯಲಹಂಕದ ಬೆನ್ನಿಗಿರುವ ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ಇದರ ಇನ್ನೊಂದು ರೂಪವಿತ್ತು, ಫಿಲ್ಟರ್ ಮರಳು. ಹೊಲದ, ಕೆರೆಯಂಗಳದ, ಹಳ್ಳದ ದಂಡೆಯ ಮಣ್ಣನ್ನು ಅಗೆದು ನೀರಲ್ಲಿ ತೊಳೆದು ಮರಳು ಬೇರ್ಪಡಿಸಿ ಬೆಂಗಳೂರಿನ ಕಟ್ಟಡಗಳಿಗೆ ಮಾರುವ ದಂಧೆ. ಅಂತರ್ಜಲ ಹಾಳಾಯಿತು, ಫಲವತ್ತಾದ ಮಣ್ಣು ಹೋಯಿತು ಎಂದು ಅದರ ವಿರುದ್ಧ ಬೇಕಾದಷ್ಟು ಬರೆದಿದ್ದಾರೆ. ಹಳ್ಳದ ಪಾತ್ರ ತಗ್ಗಿದರೆ ಮೇಲಿನ ಹೊಲಗಳಿಗೆ ಕೊರಕಲು ಬೀಳುತ್ತದೆ ಎಂಬ ಹಾನಿಯನ್ನು ಲೆಕ್ಕಕ್ಕೆ ತಂದದ್ದು ಬಹಳ ಕಡಿಮೆ. ಮರಳು ಅಗೆದವನ ಜಮೀನು ಕೆಳಗಿರುತ್ತದೆ, ಕೊರಕಲು ಬಿದ್ದವನದು ಅರ್ಧ ಮೈಲಿ ಮೇಲಿರುತ್ತದೆ. ಹಾನಿ ಇಳಿಯುತ್ತದೆಂದು ನಂಬಿದ ಕಾನೂನಿನ ಕಣ್ಣಿಗೆ ಇವರಿಬ್ಬರ ನಡುವೆ ಸಂಬಂಧವೇ ಕಾಣುವುದಿಲ್ಲ.

ಈಗ ಕೆರೆಗಳಿಗೆ ಬರುತ್ತೇನೆ, ನನ್ನ ವಾದದ ಗಂಟು ಇರುವುದು ಅಲ್ಲಿ. ಕೆರೆಗೆ ಏರಿ, ತೂಬು, ಕೋಡಿ ಎಂಬ ಮೂರು ಅಂಗಗಳು. ಏರಿ ನೀರನ್ನು ಹಿಡಿಯುತ್ತದೆ, ತೂಬು ಗದ್ದೆಗೆ ಬಿಡುತ್ತದೆ, ಕೋಡಿ ಹೆಚ್ಚಾದದ್ದನ್ನು ಹೊರಗೆ ಹಾಕುತ್ತದೆ ಎಂದು ಎಲ್ಲರಿಗೂ ಗೊತ್ತು. ಕೋಡಿಗೆ ಇನ್ನೊಂದು ಕೆಲಸವಿದೆ. ಕಲ್ಲಿನಿಂದ ಕಟ್ಟಿದ ಕೋಡಿ ಒಂದು ನಿಶ್ಚಿತ ಮಟ್ಟ. ಆ ಮಟ್ಟಕ್ಕಿಂತ ಕೆಳಗೆ ಅದರ ಮೇಲಿನ ಪಾತ್ರ ಕೊರೆಯಲಾರದು. ಯಲಹಂಕದಿಂದ ಜಕ್ಕೂರಿಗೆ, ಜಕ್ಕೂರಿನಿಂದ ರಾಚೇನಹಳ್ಳಿಗೆ ಇರುವ ಇಳಿಜಾರನ್ನು ಈ ಕೋಡಿಗಳು ತುಂಡು ತುಂಡು ಮಾಡಿ ಮೆಟ್ಟಿಲಾಗಿಸಿವೆ. ನೀರಿನ ರಭಸ ಬೀಳುವುದು ಕೋಡಿಯ ಕೆಳಗೆ ಹಾಸಿದ ಚಪ್ಪಡಿ ಕಲ್ಲುಗಳ ಮೇಲೆ. ನಡುವಿನ ಹರವಿನಲ್ಲಿ ಅದು ಸಾವಧಾನವಾಗಿ ಹರಿಯುತ್ತದೆ. ಕೆಳಗಿನ ಯಾವುದೋ ಒಂದು ಕಡೆ ಪಾತ್ರ ತಗ್ಗಿದರೂ ಕೊರೆತ ಹತ್ತಿ ಬಂದು ಮೊದಲ ಕೋಡಿಗೆ ಮುಟ್ಟಿ ನಿಲ್ಲುತ್ತದೆ. ಒಂದು ಕೆರೆಯ ಹಾನಿ ಮೇಲಿನ ಕೆರೆಗೆ ದಾಟುವುದಿಲ್ಲ. ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರಾಗಿದ್ದ ರಿಚರ್ಡ್ ಸ್ಯಾಂಕಿ ಈ ನಾಡಿನ ಕೆರೆಸಾಲುಗಳನ್ನು ನೋಡಿ, ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟವೆನ್ನುವಷ್ಟು ಪೂರ್ಣವಾಗಿದೆ ಈ ವ್ಯವಸ್ಥೆ ಎಂದು ಬೆರಗಾಗಿದ್ದ. ಆತ ಬೆರಗಾದದ್ದು ನೀರಿನ ಸಂಗ್ರಹಕ್ಕೆ. ಅಷ್ಟೇ ಬೆರಗಾಗಬೇಕಾದದ್ದು ಇಡೀ ನಾಡಿನ ಹಳ್ಳಗಳ ಪಾತ್ರಕ್ಕೆ ಹೀಗೆ ಹಂತ ಹಂತವಾಗಿ ಕಲ್ಲು ಬಡಿದು ನಿಲ್ಲಿಸಿದ್ದಕ್ಕೆ. ಕಟ್ಟಿದವರು ಇದನ್ನು ಉದ್ದೇಶಿಸಿದ್ದರೇ ಎಂಬ ಪ್ರಶ್ನೆ ನನಗೆ ಮುಖ್ಯವೆನಿಸುವುದಿಲ್ಲ. ಕೋಡಿ ಆ ಕೆಲಸ ಮಾಡಿದೆ, ಈಗಲೂ ಮಾಡುತ್ತಿದೆ.

ಕೆರೆಯನ್ನು ಪಾತ್ರೆಯೆಂದು ಮಾತ್ರ ಕಂಡರೆ ಏನಾಗುತ್ತದೆ ನೋಡಿ. ನೀರಿಲ್ಲದ ಕೆರೆ ಪ್ರಯೋಜನವಿಲ್ಲದ ಕೆರೆ ಎಂದಾಗುತ್ತದೆ. ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು, ಸಂಪಂಗಿ ಕ್ರೀಡಾಂಗಣವಾಯಿತು. ಕೊಳಾಯಿಯಲ್ಲಿ ನೀರು ಬರುವಾಗ ಕೆರೆ ಏಕೆಂಬ ವಾದಕ್ಕೆ ಆಗ ಉತ್ತರವಿರಲಿಲ್ಲ. ಒಣಗಿದ ಕೆರೆಯ ಕೋಡಿಯೂ ಪಾತ್ರದ ಮಟ್ಟವನ್ನು ಹಿಡಿದೇ ಇರುತ್ತದೆ ಎಂಬ ಉತ್ತರವನ್ನು ಯಾರೂ ಕೊಡಲಿಲ್ಲ. ಇನ್ನು ನೀರಿರುವ ಕೆರೆಗಳದ್ದು ಬೇರೆ ಕಥೆ. ಕೆರೆಯಂಗಳಕ್ಕೆ ಬಡಾವಣೆ ಬಂದ ಮೇಲೆ ಮಳೆಗಾಲದಲ್ಲಿ ಮನೆಗೆ ನೀರು ನುಗ್ಗುತ್ತದೆ, ಕೋಡಿಯನ್ನು ಎರಡಡಿ ತಗ್ಗಿಸಿ ಎಂಬ ಬೇಡಿಕೆ ಏಳುತ್ತದೆ. ಮುಳುಗಿದವರ ಸಂಕಟ ನಿಜವಾದದ್ದು. ಆದರೆ ಕೋಡಿ ಎರಡಡಿ ತಗ್ಗಿದರೆ ಕೆರೆಯಲ್ಲಿ ನಿಲ್ಲುವ ನೀರು ಕಡಿಮೆಯಾಗುವುದು ಒಂದೇ ನಷ್ಟವಲ್ಲ, ಕೆರೆಗೆ ನೀರು ತರುವ ಕಾಲುವೆಗಳೂ ಎರಡಡಿ ಕೊರೆಯಲು ಶುರುವಾಗುತ್ತವೆ. ಕೊರೆದ ಮಣ್ಣು ಅದೇ ಕೆರೆಗೆ ಬಂದು ಹೂಳಾಗುತ್ತದೆ. ಮರುವರ್ಷ ಹೂಳೆತ್ತುವ ಟೆಂಡರು.

ರಾಜಕಾಲುವೆಯ ವಿಚಾರದಲ್ಲಿ ಈ ತಪ್ಪು ಇನ್ನೂ ದೊಡ್ಡದಾಗಿ ನಡೆಯುವ ಅಪಾಯವಿದೆ. 2021ರ ನವೆಂಬರ್‌ನಲ್ಲಿ ಯಲಹಂಕ ಕೆರೆ ಉಕ್ಕಿ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟ್ ಸಮುಚ್ಚಯಕ್ಕೆ ನೀರು ನುಗ್ಗಿ, ಜನರನ್ನು ದೋಣಿಯಲ್ಲಿ ಹೊರತರಬೇಕಾಯಿತು. 2024ರ ಅಕ್ಟೋಬರ್‌ನಲ್ಲಿ ಮತ್ತೆ ಅದೇ. ವಯಸ್ಸಾದವರು, ಹಸುಗೂಸಿನ ತಾಯಂದಿರು ಮೊದಲ ಮಹಡಿಯಲ್ಲಿ ಕರೆಂಟಿಲ್ಲದೆ ಕೂತು ದೋಣಿ ಕಾದದ್ದನ್ನು ನೆನೆದರೆ ಕಾಲುವೆ ದೊಡ್ಡದಾಗಲಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ನಾನೂ ಹೇಳುತ್ತೇನೆ. ಕಿರಿದಾದ ಕಾಲುವೆ ಅಗಲವಾಗಲೇಬೇಕು, ಒತ್ತುವರಿ ತೆರವಾಗಲೇಬೇಕು. ಕೆಳಗೆ ಕಟ್ಟಿಕೊಂಡರೆ ಮೇಲೆ ನೀರು ನಿಲ್ಲುತ್ತದೆ ಎಂಬುದನ್ನು ಯಲಹಂಕದವರು ಅನುಭವಿಸಿ ತಿಳಿದಿದ್ದಾರೆ, ಅದಕ್ಕೆ ನನ್ನ ಸಾಕ್ಷಿ ಬೇಕಿಲ್ಲ. ನಾನು ಹೇಳಬಯಸುವುದು ಅದರ ಮಗ್ಗುಲಲ್ಲೇ ಇರುವ ಇನ್ನೊಂದು ಸತ್ಯವನ್ನು: ಕೆಳಗೆ ವಿಪರೀತ ಆಳ ಮಾಡಿದರೆ ಮೇಲೆ ನೆಲ ನಿಲ್ಲುವುದಿಲ್ಲ. ಅಗಲ ಮಾಡಲು ಜಾಗ ಬಿಡಿಸಬೇಕು, ಅದಕ್ಕೆ ಕೋರ್ಟು, ಕಚೇರಿ, ರಾಜಕೀಯ. ಆಳ ಮಾಡಲು ಒಂದು ಜೆಸಿಬಿ ಸಾಕು. ಆದ್ದರಿಂದ ಸುಲಭದ ದಾರಿ ಯಾವಾಗಲೂ ಆಳದ ದಾರಿಯೇ ಆಗುತ್ತದೆ.

ಲೆಕ್ಕ ಹಾಕಿ ನೋಡೋಣ. ಒಂದು ಕಾಲುವೆ ಕಿಲೋಮೀಟರಿಗೆ 5 ಮೀಟರ್ ಇಳಿಯುತ್ತದೆ ಎಂದಿಟ್ಟುಕೊಳ್ಳಿ. ಅದರ ಕೆಳತುದಿಯಲ್ಲಿ 100 ಮೀಟರ್ ಉದ್ದ, 1 ಮೀಟರ್ ಆಳ ಅಗೆದರು. ಅಗೆದ ಭಾಗದ ಮೇಲಂಚಿನಲ್ಲಿ ಈಗ 1 ಮೀಟರಿನ ನೆಟ್ಟನೆ ಮೆಟ್ಟಿಲು ಬಿದ್ದಿದೆ. ಮೊದಲು ಅಷ್ಟು ಇಳಿಯಲು ನೀರಿಗೆ 200 ಮೀಟರ್ ಬೇಕಾಗಿತ್ತು, ಈಗ ಒಂದೇ ಹೆಜ್ಜೆಯಲ್ಲಿ ಇಳಿಯುತ್ತದೆ. ಆ ರಭಸವೆಲ್ಲ ಮೆಟ್ಟಿಲಿನ ಬುಡಕ್ಕೆ ಬೀಳುತ್ತದೆ. ಬುಡ ಕೊರೆದು ಮೆಟ್ಟಿಲು ಮೇಲಕ್ಕೆ ಸರಿಯುತ್ತದೆ. ಬಂಡೆಯೋ ಕಲ್ಲುಕಟ್ಟಡವೋ ಸಿಗುವವರೆಗೆ ಅದು ನಿಲ್ಲಬೇಕಾದ ಕಾರಣವಿಲ್ಲ. ಅದು ದಾಟಿ ಹೋದ ಕಡೆಯಲ್ಲೆಲ್ಲ ಕಾಲುವೆಯ ಎರಡೂ ಬದಿಯ ತಡೆಗೋಡೆಗಳ ಪಾಯ ಬಯಲಾಗುತ್ತದೆ. ಆ ಗೋಡೆಗಳ ಪಾಯ ಹಾಕಿದ್ದು ಹಳೆಯ ಮಟ್ಟಕ್ಕೆ. ಪಕ್ಕದಿಂದ ಸೇರುವ ಪ್ರತಿಯೊಂದು ಸಣ್ಣ ಮೋರಿಯ ಬಾಯಲ್ಲೂ 1 ಮೀಟರಿನ ಹೊಸ ಮೆಟ್ಟಿಲು ಹುಟ್ಟುತ್ತದೆ, ಅವೂ ತಮ್ಮ ತಮ್ಮ ಬೀದಿಗಳ ಕಡೆಗೆ ಹತ್ತುತ್ತವೆ. ಅಗೆದದ್ದು 100 ಮೀಟರ್. ಕುಸಿಯುವುದು ಒಂದು ಬಡಾವಣೆ.

ಕಾಂಕ್ರೀಟ್ ಹಾಸಿದರೆ ಈ ಚಿಂತೆಯೇ ಇಲ್ಲವಲ್ಲ ಎನ್ನುತ್ತಾರೆ. ಹಾಸಿದಷ್ಟು ದೂರಕ್ಕೆ ಈ ಮಾತು ನಿಜ. ಹಾಸು ಮುಗಿಯುವ ಎರಡು ತುದಿಗಳಲ್ಲಿ ಅಲ್ಲ. ಕಾಂಕ್ರೀಟಿನ ಮೇಲೆ ವೇಗ ಹೆಚ್ಚಿಸಿಕೊಂಡ ನೀರು ಕೆಳತುದಿಯ ಮಣ್ಣನ್ನು ಬಗೆದು ಗುಂಡಿ ಮಾಡುತ್ತದೆ, ಆ ಗುಂಡಿ ಹಾಸಿನ ಅಡಿಗೇ ಹತ್ತುತ್ತದೆ. ಕಾಂಕ್ರೀಟಿನ ಚಪ್ಪಡಿ ಕೆಳಗೆ ಮಣ್ಣಿಲ್ಲದೆ ತೂಗಿ ಮುರಿಯುವುದು ಹೀಗೆ. ಹಾಸು ತಗ್ಗಿನಲ್ಲಿದ್ದರೆ ಮೇಲ್ತುದಿಯಲ್ಲಿ ಮೆಟ್ಟಿಲು. ನಮ್ಮಲ್ಲಿ ಕಾಮಗಾರಿ ನಡೆಯುವುದು ತುಂಡು ತುಂಡಾಗಿ, ಅನುದಾನ ಬಂದಷ್ಟು ದೂರ, ವಾರ್ಡಿನ ಗಡಿಯವರೆಗೆ. ಒಂದೇ ಕಾಲುವೆಯಲ್ಲಿ ಇಂಥ ತುದಿಗಳು ಎಷ್ಟಿವೆ ಎಂದು ಎಣಿಸಿದರೆ ಅಪಾಯದ ಜಾಗಗಳ ಪಟ್ಟಿ ತಾನೇ ಸಿದ್ಧವಾಗುತ್ತದೆ.

ಮೂರನೆಯದಾದ ಏರಿಯ ಒಳಕೊರೆತದ, ಅಂದರೆ ಪೈಪಿಂಗ್‌ನ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದು ಪ್ರತ್ಯೇಕ ಲೇಖನದ ವಸ್ತು. 2019ರ ನವೆಂಬರ್ 24ರಂದು ಹುಳಿಮಾವು ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. ಏರಿಯ ಬಳಿ ಅಗೆದದ್ದೇ ಕಾರಣವೆಂದು ಆಗ ವರದಿಯಾಗಿತ್ತು. ಏರಿಯ ಕೆಳಬುಡದಲ್ಲಿ ಅಗೆಯುವುದು ನೀರಿನಿಂದ ದೂರವಿದೆಯಲ್ಲ ಎಂಬ ಧೈರ್ಯದಿಂದ. ಆದರೆ ಕೊರೆತ ಶುರುವಾಗಲು ಬೇಕಾದ ಜಾಗ ಅದೇ, ನೀರಿನಿಂದ ಅತಿ ದೂರದ ಕೆಳಬುಡ. ಹಳ್ಳಿಯ ನೀರುಗಂಟಿ ಏರಿಯ ಹಿಂಬದಿಯಲ್ಲಿ ಏಡಿ, ಇಲಿಗಳ ಬಿಲ ಹುಡುಕಿ ಮುಚ್ಚುತ್ತಿದ್ದುದು ಸುಮ್ಮನೆ ಅಲ್ಲ. ಜಿನುಗುವ ನೀರು ತಿಳಿಯಾಗಿದ್ದರೆ ಅಷ್ಟು ಭಯವಿಲ್ಲ, ಕದಡಿ ಕೆಂಪಾಗಿ ಬಂದರೆ ಏರಿ ಒಳಗಿನಿಂದ ಖಾಲಿಯಾಗುತ್ತಿದೆ ಎಂಬ ಜ್ಞಾನ ಇಂದು ಕೆರೆಯಂಚಿನಲ್ಲಿ ವಾಕಿಂಗ್ ಮಾಡುವ ಸಾವಿರಾರು ಜನರಲ್ಲಿ ಎಷ್ಟು ಮಂದಿಗಿದೆ?

ಈ ಕಣಿವೆಯ ಸುತ್ತಲೇ ನೀರು, ಮಣ್ಣು ತಿಳಿದವರ ಸಂಸ್ಥೆಗಳಿವೆ. ಹೆಬ್ಬಾಳ ಮತ್ತು ಯಲಹಂಕದ ನಡುವೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣವಿದೆ. ಅರ್ಕಾವತಿ ಏಕೆ ಬತ್ತುತ್ತಿದೆ ಎಂದು ಅಧ್ಯಯನ ಮಾಡಿ, ಮಳೆ ಕಡಿಮೆಯಾದದ್ದಲ್ಲ, ಕೊಳವೆಬಾವಿ ಮತ್ತು ನೀಲಗಿರಿ ತೋಪುಗಳ ಪಾಲು ದೊಡ್ಡದು ಎಂದು ತೋರಿಸಿದ ಏಟ್ರೀ ಸಂಸ್ಥೆ ಇರುವುದು ಜಕ್ಕೂರಿನ ಹತ್ತಿರವೇ. ಒಪ್ಪಿತ ನಂಬಿಕೆಯನ್ನು ಅಳತೆಯಿಂದ ಅಲುಗಾಡಿಸಬಹುದು ಎಂಬುದಕ್ಕೆ ಆ ಅಧ್ಯಯನ ಒಳ್ಳೆಯ ಉದಾಹರಣೆ. ಅದೇ ಬಗೆಯ ಅಳತೆ ಕಾಲುವೆಗಳ ಪಾತ್ರದ ಮಟ್ಟಕ್ಕೂ ಆಗಬೇಕು. ಇದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಒಂದು ಕೆರೆಯ ಕೋಡಿಯಿಂದ ಮುಂದಿನ ಕೆರೆಯವರೆಗೆ ಪಾತ್ರದ ಮಟ್ಟವನ್ನು ಸರ್ವೇ ಮಾಡಿ, ಮೆಟ್ಟಿಲುಗಳನ್ನು ಗುರುತಿಸಿ, ಮಳೆಗಾಲ ಮುಗಿದ ಮೇಲೆ ಅದೇ ಜಾಗಗಳಿಗೆ ಮತ್ತೆ ಹೋಗಿ ನೋಡಿದರೆ ಯಾವುದು ಹತ್ತುತ್ತಿದೆ, ಯಾವುದು ನಿಂತಿದೆ ಎಂದು ಗೊತ್ತಾಗುತ್ತದೆ. ಸಿವಿಲ್ ಇಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು ಲೆವೆಲಿಂಗ್ ಉಪಕರಣ ಹಿಡಿದು ಮಾಡಬಹುದಾದ ಕೆಲಸ.

ಆದ್ದರಿಂದ ಯಲಹಂಕ, ಜಕ್ಕೂರು, ಹೆಬ್ಬಾಳದ ಕೆರೆ ಸಮಿತಿಗಳಿಗೆ, ಅಪಾರ್ಟ್‌ಮೆಂಟ್ ಸಂಘಗಳಿಗೆ ನನ್ನದೊಂದು ವಿನಂತಿ. ನಿಮ್ಮ ಕಡೆ ರಾಜಕಾಲುವೆಯ ಕಾಮಗಾರಿ ಬಂದಾಗ ಅಗಲ ಎಷ್ಟು ಎಂದು ಕೇಳುವಷ್ಟೇ ಒತ್ತಾಯದಿಂದ ಇನ್ನೆರಡು ಪ್ರಶ್ನೆ ಕೇಳಿ. ಅಗೆದ ಮೇಲೆ ಪಾತ್ರದ ಮಟ್ಟ ಎಷ್ಟಿರುತ್ತದೆ, ಮೇಲಿನ ಕೋಡಿಯ ಕಲ್ಲಿನ ಬುಡಕ್ಕಿಂತ ಅದು ಎಷ್ಟು ಕೆಳಗೆ? ಅಗೆದ ಭಾಗದ ಮೇಲಂಚಿನಲ್ಲಿ ಕೊರೆತ ತಡೆಯುವ ಅಡ್ಡಕಟ್ಟು ನಕ್ಷೆಯಲ್ಲಿದೆಯೇ? ಉತ್ತರ ಸಿಗುವವರೆಗೆ ಜೆಸಿಬಿಯನ್ನು ಕಾಲುವೆಗೆ ಇಳಿಸಲು ಬಿಡಬೇಡಿ. ಕೋಡಿ ತಗ್ಗಿಸುವ ಬೇಡಿಕೆಗೆ ಸಹಿ ಹಾಕುವ ಮೊದಲು ನಿಮ್ಮ ಮನೆ ಕೋಡಿಯ ಕೆಳಗಿದೆಯೋ ಮೇಲಿದೆಯೋ ನೋಡಿಕೊಳ್ಳಿ. ಮೇಲಿದ್ದರೆ ನಿಮ್ಮ ಬೀದಿಯ ನೆಲವನ್ನು ಹಿಡಿದಿರುವುದು ಆ ಕೋಡಿಯೇ.